ಸೆಂಟರ್ ಸ್ಪೀಕರ್ ಯಾವುದು ತಗೊಳ್ಳಲಿ? ಕೆಇಎಫ್ ಆರ್‌2 ಮೆಟಾ, ಆರ್‌6 ಮೆಟಾ, ಅಥವಾ ಬೇರೆ ಏನಾದರೂ?

ಮಾಳಿಗೆಮನೆ, ಶಿರಸಿ

ನಮಸ್ಕಾರ. ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ, ಯಲ್ಲಾಪುರ ರಸ್ತೆ ಕಡೆ ನಮ್ಮ ಮನೆ. ಮಾಳಿಗೆ ಕೋಣೆಯನ್ನು ಹೋಮ್ ಥಿಯೇಟರ್ ಮಾಡಿಕೊಂಡಿದ್ದೇನೆ. 6 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರ. ಕೆಂಪುಕಲ್ಲಿನ ಗೋಡೆಗೆ ಸಿಮೆಂಟ್ ಗಿಲಾವು, ನೆಲ ರೆಡ್ ಆಕ್ಸೈಡ್, ಹಂಚಿನ ಮಾಡಿನ ಕೆಳಗೆ ಹಲಗೆ ಮುಚ್ಚಿಗೆ.

ಈಗ ಇರುವುದು: ಎಡಬಲಕ್ಕೆ ಸ್ಟ್ಯಾಂಡ್ ಮೇಲೆ ಕೆಇಎಫ್ ಆರ್‌3 ಮೆಟಾ, ಒಂದು ಸಬ್‌ವೂಫರ್, ಹಿಂದೆ ಎರಡು ಸಣ್ಣ ಸರೌಂಡ್, ಡೆನಾನ್ ಎಕ್ಸ್‌3800ಎಚ್ ರಿಸೀವರ್, 75 ಇಂಚಿನ ಟಿವಿ. ಸೆಂಟರ್, ಅಂದರೆ ಸಿನಿಮಾದ ಮಾತು ಹೆಚ್ಚಾಗಿ ಬರುವ ನಡುವಿನ ಸ್ಪೀಕರ್, ಮಾತ್ರ ಹಳೇ ಸೆಟ್ಟಿನದು, ಬೇರೆ ಕಂಪನಿದು. ಮಲಗಿಸಿ ಇಡುವ ಪೆಟ್ಟಿಗೆ. ನಡುವೆ ತೆಳು ಸದ್ದಿನ ಟ್ವೀಟರ್, ಆಚೆ ಈಚೆ ದಪ್ಪ ಸದ್ದಿನ ಆರೂವರೆ ಇಂಚಿನ ಒಂದೊಂದು ವೂಫರ್. ಟಿವಿ ಕೆಳಗಿನ ಕಪಾಟಿನ ಒಳಗೆ ಕೂತಿದೆ.

ತೊಂದರೆ ಏನೆಂದರೆ ಮಾತು. ಅಪ್ಪಯ್ಯನ ಆರಾಮಕುರ್ಚಿ ಬಲಗೋಡೆ ಪಕ್ಕ ಇದೆ. ಆ ಕುರ್ಚಿ ಅಲ್ಲಾಡುವ ಪ್ರಶ್ನೆಯೇ ಇಲ್ಲ. ಐದು ನಿಮಿಷಕ್ಕೊಮ್ಮೆ "ಎಂತ ಹೇಳ್ದಾ ಅಂವ?" ಅಂತ ಕೇಳುತ್ತಾರೆ. ವಾಲ್ಯೂಮ್ ಏರಿಸಿದರೆ ಕಾರು ಉರುಳುವ ಸದ್ದಿಗೆ ಆಯಿ ಎದ್ದು ಕೆಳಗೆ ಹೋಗುತ್ತಾಳೆ. ಆಯಿ ಸೋಫಾ ನಡುವೆ ಕೂರುವವಳು. ಅವಳಿಗೆ ಮಾತೆಲ್ಲ ಸರಿಯಾಗೇ ಕೇಳುತ್ತದೆ. ಅಪ್ಪಯ್ಯನ ಕಿವಿ ಸ್ವಲ್ಪ ಮಂದ ನಿಜ. ಆದರೆ ಜಗಲಿಯಲ್ಲಿ ರೇಡಿಯೋ ಮಾತು ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತಾರೆ.

ಈ ಸಲ ರಾಶಿ ಅಡಿಕೆ ಕೊಟ್ಟ ದುಡ್ಡಿನಲ್ಲಿ ಒಂದೂವರೆ ಲಕ್ಷ ಇದಕ್ಕೆ ತೆಗೆದಿಟ್ಟಿದ್ದೇನೆ. ಎಳೆದರೆ ಎರಡು. ಬೆಂಗಳೂರಿನ ಒಬ್ಬ ಡೀಲರ್ ಫೋನಿನಲ್ಲೇ "ಆರ್‌6 ಮೆಟಾ ತಗೊಳ್ಳಿ, ಜೊತೆಗೆ ಒಂದು ಪವರ್ ಆಂಪ್ ಬೇಕೇ ಬೇಕು" ಅಂದ. ಕೋಣೆ ಎಷ್ಟು ದೊಡ್ಡದು ಅಂತ ಕೇಳಲೂ ಇಲ್ಲ. ಗೆಳೆಯರೊಬ್ಬರು ಬವರ್ಸ್ ಅಂಡ್ ವಿಲ್ಕಿನ್ಸ್ ಎಚ್‌ಟಿಎಂ71 ಎಸ್3 ಅನ್ನುತ್ತಾರೆ. ಇನ್ನೊಬ್ಬರು ಕ್ಲಿಪ್ಶ್ ಹಾರ್ನ್ ಇದ್ದರೆ ಮಾತು ಮುಖಕ್ಕೇ ಬಡಿಯುತ್ತದೆ ಅನ್ನುತ್ತಾರೆ. ಹುಬ್ಬಳ್ಳಿಯಲ್ಲಿ ವಿಚಾರಿಸಿದ ಕಡೆ ಇವ್ಯಾವುದೂ ಡೆಮೊಗೆ ಸಿಗಲಿಲ್ಲ. ಏನು ಮಾಡಲಿ?


ಸಿದ್ದಾಪುರ ಹುಡುಗ, ಬೆಂಗಳೂರು

ಆರ್‌3 ಮೆಟಾ ಇದ್ದ ಮೇಲೆ ಬೇರೆ ಕಂಪನಿ ಹೆಸರು ಯಾಕೆ ಸಾರ್? ಮುಂದಿನ ಮೂರು ಸ್ಪೀಕರಿನ ದನಿ ಒಂದೇ ಜಾತಿ ಇರಬೇಕು. ಲಾರಿ ಎಡದಿಂದ ಬಲಕ್ಕೆ ಹೋಗುವಾಗ ನಡುವೆ ಇಂಜಿನ್ ಬದಲಾದ ಹಾಗೆ ಕೇಳಬಾರದು. ಬವರ್ಸ್ ಕೆಟ್ಟದ್ದಲ್ಲ, ಕ್ಲಿಪ್ಶ್ ಕೂಡ ಕೆಟ್ಟದ್ದಲ್ಲ, ಆದರೆ ಅವು ಅವರವರ ಎಡಬಲದ ಜೊತೆಗೆ ಚೆನ್ನ.

ಉಳಿದದ್ದು ಎರಡು. ಆರ್‌2 ಮೆಟಾದಲ್ಲಿ ಐದೂಕಾಲು ಇಂಚಿನ ಎರಡು ವೂಫರ್, ಆರ್‌6 ಮೆಟಾದಲ್ಲಿ ಆರೂವರೆ ಇಂಚಿನ ಎರಡು. ಎರಡರಲ್ಲೂ ನಡುವೆ ಯೂನಿ-ಕ್ಯೂ, ಅಂದರೆ ನಡುದನಿಯ ಮಿಡ್‌ರೇಂಜ್ ಕೋನಿನ ಒಳಗೇ ಟ್ವೀಟರ್. ನಿಮ್ಮ ಆರ್‌3ಯಲ್ಲಿ ಆರೂವರೆ ಇಂಚಿನ ವೂಫರ್ ಇರುವುದರಿಂದ ಜೋಡಿಗೆ ಆರ್‌6 ಸರಿ. ದುಡ್ಡು ಇದೆ, ತಗೊಂಡುಬಿಡಿ.


ಮೈಕ್‌ಸೆಟ್ ಮಾವ, ಹೊನ್ನಾವರ

ಮಾಳಿಗೆಮನೆಯವರೇ, ಸ್ವಲ್ಪ ತಡೆಯಿರಿ. ದುಡ್ಡು ಎಲ್ಲಿಗೂ ಓಡಿ ಹೋಗುವುದಿಲ್ಲ.

ನಾನು ಹೋಮ್ ಥಿಯೇಟರ್ ಪಂಡಿತ ಅಲ್ಲ. ವರ್ಷಗಟ್ಟಲೆ ಬಯಲಾಟಕ್ಕೆ, ತಾಳಮದ್ದಳೆಗೆ, ಮದುವೆಗೆ ಮೈಕ್‌ಸೆಟ್ ಹಾಕಿದವನು. ಕುಮಟಾದಿಂದ ಭಟ್ಕಳದವರೆಗೆ ನಾನು ಗಳ ನೆಡದ ಗದ್ದೆ ಕಡಿಮೆ. ನಿಮ್ಮ ಸಮಸ್ಯೆ ಓದಿದ ಕೂಡಲೇ ನನಗೆ ಕಂಡದ್ದು ಅಡ್ಡ ಮಲಗಿಸಿದ ಕಾಲಂ ಬಾಕ್ಸ್.

ಕಾಲಂ ಬಾಕ್ಸ್ ಎಲ್ಲರೂ ನೋಡಿದ್ದೀರಿ. ಉದ್ದನೆಯ ಪೆಟ್ಟಿಗೆ, ಒಂದರ ಮೇಲೊಂದು ನಾಲ್ಕು ಸ್ಪೀಕರ್. ಅದನ್ನು ಯಾವತ್ತೂ ನಿಲ್ಲಿಸಿಯೇ ಕಟ್ಟುವುದು. ನಿಲ್ಲಿಸಿದರೆ ಸದ್ದು ಎಡಬಲಕ್ಕೆ ಅಗಲವಾಗಿ ಹರಡುತ್ತದೆ, ಮೇಲೆ ಕೆಳಗೆ ಕಡಿಮೆ ಹೋಗುತ್ತದೆ. ನಮಗೆ ಬೇಕಾದ್ದೂ ಅದೇ, ಜನ ಕೂರುವುದು ಅಗಲಕ್ಕೆ ತಾನೆ. ಹೊಸ ಹುಡುಗರು ಚಪ್ಪರದ ಅಡ್ಡಗಳಕ್ಕೆ ಸುಲಭ ಅಂತ ಮಲಗಿಸಿ ಕಟ್ಟುತ್ತಾರೆ. ಆಗ ನಡುವೆ ಕೂತವನಿಗೆ ಅರ್ಥಗಾರಿಕೆ ಸ್ಪಷ್ಟ. ಬದಿಯವನಿಗೆ ಚಂಡೆ ಮಾತ್ರ ಕೇಳುತ್ತದೆ, ಮಾತು ಮಂಕು. ನಿಮ್ಮ ಅಪ್ಪಯ್ಯ ಬದಿಯವನು, ಆಯಿ ನಡುವಿನವಳು.

ಲೆಕ್ಕ ಬೇಕಾದರೆ ಹೇಳುತ್ತೇನೆ. ನಿಮ್ಮ ಹಳೇ ಸೆಂಟರಿನ ಎರಡು ವೂಫರ್‌ಗಳ ನಡುಮಧ್ಯದಿಂದ ನಡುಮಧ್ಯಕ್ಕೆ 30 ಸೆಂಟಿಮೀಟರ್ ಆಸುಪಾಸು ಇರಬಹುದು. ಟೇಪ್ ಹಿಡಿದು ನೋಡಿ. ಅಪ್ಪಯ್ಯ ಪೆಟ್ಟಿಗೆಯಿಂದ ಮೂರೂವರೆ ಮೀಟರ್ ಹಿಂದೆ, ಎರಡು ಮೀಟರ್ ಬದಿಗೆ ಕೂತರೆ ಕೋನ 30 ಡಿಗ್ರಿ. ಆ ಕೋನದಲ್ಲಿ ಒಂದು ವೂಫರ್ ಅವರಿಗೆ ಇನ್ನೊಂದಕ್ಕಿಂತ 15 ಸೆಂಟಿಮೀಟರ್ ಹತ್ತಿರ. ಸದ್ದು ಸೆಕೆಂಡಿಗೆ 343 ಮೀಟರ್ ಓಡುತ್ತದೆ. 1150 ಹರ್ಟ್ಸ್ ಹತ್ತಿರ ಅಲೆಯ ಉದ್ದ 30 ಸೆಂಟಿಮೀಟರ್. ಅರ್ಧ ಅಲೆ ಅಂದರೆ ಸರಿಯಾಗಿ 15. ಒಂದು ವೂಫರಿನ ಅಲೆ ತಳ್ಳುವ ಹೊತ್ತಿಗೆ ಇನ್ನೊಂದರದ್ದು ಎಳೆಯುತ್ತದೆ. ಎರಡೂ ಸೇರಿ ಸೊನ್ನೆ. ಗೋಡೆಗೆ ಬಡಿದು ಬಂದ ಸದ್ದು ಸ್ವಲ್ಪ ತುಂಬುವುದರಿಂದ ಪೂರ್ತಿ ಸೊನ್ನೆ ಆಗುವುದಿಲ್ಲ, ಆದರೆ ಅಲ್ಲಿ ದೊಡ್ಡ ಹೊಂಡ. ಆ ಹೊಂಡ ಬಿದ್ದಿರುವುದು ಮನುಷ್ಯನ ಮಾತಿನ ನಟ್ಟನಡುವೆ.

ಇದನ್ನು ಆಡಿಸ್ಸಿ (ಮೈಕ್ ಇಟ್ಟು ಅಳೆದು ರಿಸೀವರ್ ತಾನೇ ಸದ್ದು ಸರಿಮಾಡುವ ವ್ಯವಸ್ಥೆ) ಹಾಕಿ ತುಂಬಲು ಬರುವುದಿಲ್ಲ. ಅಪ್ಪಯ್ಯನ ಜಾಗಕ್ಕೆ 1150 ಏರಿಸಿದರೆ ಎರಡೂ ವೂಫರ್ ಒಟ್ಟಿಗೆ ಜೋರಾಗುತ್ತವೆ, ಅಲ್ಲಿ ಮತ್ತೆ ಸೊನ್ನೆಯೇ. ಆಯಿಗೆ ಮಾತ್ರ ಮಾತು ತಗಡು ಬಡಿದ ಹಾಗೆ ಆಗುತ್ತದೆ.

ಈಗ ಖರ್ಚಿಲ್ಲದ ಕೆಲಸ. ಹಳೇ ಸೆಂಟರನ್ನು ಕಪಾಟಿನಿಂದ ಹೊರಗೆ ತೆಗೆಯಿರಿ. ಟಿವಿ ಎದುರು ಒಂದು ಸ್ಟೂಲ್ ಇಟ್ಟು ಅದರ ಮೇಲೆ ಎಬ್ಬಿಸಿ ನಿಲ್ಲಿಸಿ. ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ಟಿವಿ ಸ್ವಲ್ಪ ಮರೆಯಾದರೆ ಆಗಲಿ, ಪರೀಕ್ಷೆ ಅಷ್ಟೇ. ರಿಸೀವರ್‌ನಲ್ಲಿ ಲೆವೆಲ್ ನೋಡುವ ಶ್… ಸದ್ದು ಇದೆಯಲ್ಲ, ಅದನ್ನು ಸೆಂಟರಿಗೆ ಹಾಕಿ ಕೋಣೆಯಲ್ಲಿ ಬದಿಯಿಂದ ಬದಿಗೆ ನಡೆಯಿರಿ. ಮಲಗಿಸಿದಾಗ ಆ ಶ್ ಬಣ್ಣ ಬದಲಿಸುತ್ತದೆ. ನಿಲ್ಲಿಸಿದಾಗ ಜಾಸ್ತಿ ಬದಲಿಸುವುದಿಲ್ಲ. ಆಮೇಲೆ ಅಪ್ಪಯ್ಯನಿಗೆ ಏನೂ ಹೇಳದೆ ಒಂದು ತಾಳಮದ್ದಳೆ ಹಾಕಿ.

ಅದು ಸರಿ ಕೇಳಿದರೆ ಏನು ಕೊಳ್ಳಬೇಕು ಅಂತ ಅಲ್ಲಿಗೇ ಗೊತ್ತಾಯಿತು. ಬ್ರ್ಯಾಂಡ್ ಆಮೇಲೆ.


ಎರಡನೇ ಬೆಂಚು, ಕುಮಟಾ

ಮಾವ ಹೇಳಿದ್ದಕ್ಕೆ ನನ್ನದೂ ಒಂದು ಪರೀಕ್ಷೆ ಸೇರಿಸಿ. ಸೆಟಪ್‌ನಲ್ಲಿ ಸೆಂಟರ್ ಇಲ್ಲ ಅಂತ ಹಾಕಿ. ಆಗ ಮಾತು ಎಡಬಲದ ಆರ್‌3 ಎರಡರಿಂದ ಬರುತ್ತದೆ. ಸೋಫಾದ ಸರಿ ನಡುವೆ ಕೂತು ಕೇಳಿ. ಮೊದಲಿಗಿಂತ ಸ್ಪಷ್ಟ ಅನ್ನಿಸಿದರೆ ತಪ್ಪು ಸೆಂಟರಿನದು ಅಥವಾ ಅದನ್ನಿಟ್ಟ ಕಪಾಟಿನದು. ಏನೂ ವ್ಯತ್ಯಾಸ ಇಲ್ಲದೆ ಗೊಂಯ್ ಅಂದರೆ ಕೋಣೆಯದು.

ನನಗೆ ಕೋಣೆಯ ಮೇಲೂ ಅನುಮಾನ. ರೆಡ್ ಆಕ್ಸೈಡ್ ನೆಲ, ಬರೀ ಗಿಲಾವಿನ ಗೋಡೆ, ಇವು ಸದ್ದನ್ನು ಹೀರುವುದೇ ಇಲ್ಲ. ನಿಮ್ಮ ಕೋಣೆ 90 ಘನ ಮೀಟರ್. ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಅಂತ ಹೇಳುವ ಸಬೈನ್ ಸೂತ್ರದ ಪ್ರಕಾರ 0.161ನ್ನು ಇದಕ್ಕೆ ಗುಣಿಸಿ ಹೀರಿಕೆಯಿಂದ ಭಾಗಿಸಬೇಕು. ಪ್ರತಿಧ್ವನಿ ಅರ್ಧ ಸೆಕೆಂಡಿಗೆ ಇಳಿಯಬೇಕಾದರೆ ಸುಮಾರು 29 ಚದರ ಮೀಟರ್ ಹೀರಿಕೆ ಬೇಕು. ಒಂದು ಸೋಫಾ, ನಾಲ್ಕು ಜನ ಸೇರಿ ಹತ್ತು ಆದರೆ ಹೆಚ್ಚು. ಹಾಗೆ ಬಿಟ್ಟರೆ ಸುಮಾರು ಒಂದೂವರೆ ಸೆಕೆಂಡ್ ಸದ್ದು ಉಳಿಯುತ್ತದೆ. ಒಂದು ಶಬ್ದದ ಬಾಲ ಮುಂದಿನ ಶಬ್ದದ ಮೇಲೆ ಬೀಳುತ್ತದೆ. ಎರಡು ಲಕ್ಷದ ಸೆಂಟರ್ ಇಟ್ಟರೂ ಅಷ್ಟೇ. ಸ್ಪೀಕರ್ ಮತ್ತು ಸೋಫಾ ನಡುವೆ ದಪ್ಪ ಜಮಖಾನೆ ಹಾಸಿ, ಹಿಂದಿನ ಗೋಡೆಗೆ ನೆರಿಗೆ ಇರುವ ದಪ್ಪ ಪರದೆ ಹಾಕಿ.

ಇನ್ನೊಂದು. ಯೂಟ್ಯೂಬಿನ ಯಕ್ಷಗಾನ, ಹಳೇ ಕನ್ನಡ ಸಿನಿಮಾ ಹೆಚ್ಚಿನವು ಸ್ಟೀರಿಯೊ. ರಿಸೀವರ್ ಸ್ಟೀರಿಯೊ ಮೋಡಿನಲ್ಲಿದ್ದರೆ ಸೆಂಟರಿಗೆ ಒಂದು ಚೂರೂ ಸದ್ದು ಹೋಗುವುದಿಲ್ಲ. ಡಾಲ್ಬಿ ಸರೌಂಡ್ ಮೋಡಿಗೆ ಹಾಕಿ, ಸೆಂಟರ್ ಸ್ಪ್ರೆಡ್ ಆಫ್ ಮಾಡಿ. ಆಗ ಭಾಗವತರು ನಡುವೆ ಬಂದು ಕೂರುತ್ತಾರೆ.


ಮಾಳಿಗೆಮನೆ, ಶಿರಸಿ

ಎಲ್ಲ ಮಾಡಿ ನೋಡಿದೆ. ಸಮಾಧಾನವಾಗಿ ಬರೆಯುತ್ತೇನೆ.

ಟೇಪಿನಲ್ಲಿ 29 ಸೆಂಟಿಮೀಟರ್ ಬಂತು. ಮಾವ ನೋಡದೆಯೇ ಹೇಳಿದ್ದು!

ಪೆಟ್ಟಿಗೆ ಕಪಾಟಿನಿಂದ ಹೊರಬಂದ ಕೂಡಲೇ ಗಂಡಸರ ದನಿಯ ಗುಂಯ್ ಅನ್ನುವುದು ಅರ್ಧ ಹೋಯಿತು. ಹಿಂದೆ ಪೋರ್ಟ್, ಅಂದರೆ ಗಾಳಿಯಾಡುವ ತೂತು, ಇರುವ ಪೆಟ್ಟಿಗೆಯನ್ನು ಕಪಾಟಿನೊಳಗೆ ತುರುಕಿದ್ದರ ಫಲ. ನಿಲ್ಲಿಸಿದ ಮೇಲೆ ಶ್ ಸದ್ದು ಹಾಕಿ ನಡೆದೆ. ಗೋಡೆಯಿಂದ ಗೋಡೆಯವರೆಗೆ ಹೆಚ್ಚುಕಡಿಮೆ ಒಂದೇ ಬಣ್ಣ. ಮಲಗಿಸಿ ನಡೆದರೆ ನಡುವೆ ಒಂದು, ಬದಿಯಲ್ಲಿ ಒಂದು. ಒಮ್ಮೆ ಕೇಳಿಸಿಕೊಂಡರೆ ಮತ್ತೆ ಕೇಳದ ಹಾಗೆ ಇರಲು ಆಗುವುದಿಲ್ಲ.

ಅಪ್ಪಯ್ಯನಿಗೆ ಏನೂ ಹೇಳಲಿಲ್ಲ. ಕೃಷ್ಣಸಂಧಾನದ ಒಂದು ತಾಳಮದ್ದಳೆ ಹಾಕಿದೆ. ಕೌರವನ ಅರ್ಥಕ್ಕೆ ಕುರ್ಚಿಯಲ್ಲಿ ಕೂತೇ ಉತ್ತರ ಕೊಡಲು ಶುರು ಮಾಡಿದರು. ಪ್ರಸಂಗ ಮುಗಿದ ಮೇಲೆ "ಆ ಸ್ಟೂಲ್ ಎಂತಕ್ಕೆ ಟಿವಿ ಎದುರು ಇಟ್ಟಿದ್ದೆ?" ಅಂತ ಬೈದರು. ಮಾತು ಕೇಳಲಿಲ್ಲ ಅಂತ ಒಮ್ಮೆಯೂ ಹೇಳಲಿಲ್ಲ.

ಎರಡನೇ ಬೆಂಚಿನವರ ಪರೀಕ್ಷೆಯಲ್ಲಿ ಸೆಂಟರ್ ಇಲ್ಲದೆಯೂ ನಡುವಿನ ಜಾಗದಲ್ಲಿ ಚೆನ್ನಾಗಿತ್ತು. ಆದರೆ ಕೋಣೆ ಗೊಂಯ್ ಅನ್ನುವುದೂ ನಿಜ. ಅಡಿಕೆ ಒಣಗಿಸುವ ದಪ್ಪ ಕಂಬಳಿ ಎರಡು ಹಾಸಿದೆ, ಫರಕು ಗೊತ್ತಾಯಿತು. ಹೆಂಡತಿ ಕಂಬಳಿಯ ವಾಸನೆಗೆ ಜಮಖಾನೆಗೆ ತಕ್ಷಣ ಒಪ್ಪಿಗೆ ಕೊಟ್ಟಳು.

ಈಗ ಪ್ರಶ್ನೆ: ನಿಲ್ಲಿಸಿಯೇ ಇಡಬೇಕೆಂದರೆ ಆರ್‌6ನ್ನು ನಿಲ್ಲಿಸಲೇ? ಅಥವಾ ಮೂರನೇ ಆರ್‌3?


ಸಿದ್ದಾಪುರ ಹುಡುಗ, ಬೆಂಗಳೂರು

ಮಾವನವರ ಲೆಕ್ಕ ಒಪ್ಪುತ್ತೇನೆ, ಆದರೆ ಅದು ಎರಡು ವೂಫರ್ ನಡುವೆ ಬರೀ ಟ್ವೀಟರ್ ಇರುವ ಟೂ-ವೇ ಪೆಟ್ಟಿಗೆಗೆ. ಆರ್‌2, ಆರ್‌6 ಹಾಗಲ್ಲ. ಅವು ತ್ರೀ-ವೇ, ಅಂದರೆ ದಪ್ಪ, ನಡು, ತೆಳು ದನಿಗೆ ಬೇರೆ ಬೇರೆ ಸ್ಪೀಕರ್. ಮಾತಿನ ಬಹುಪಾಲು ನಡುವಿನ ಯೂನಿ-ಕ್ಯೂ ಒಂದರಿಂದಲೇ ಬರುತ್ತದೆ, ವೂಫರ್‌ಗಳದ್ದು ಸುಮಾರು 400 ಹರ್ಟ್ಸ್‌ಗಿಂತ ಕೆಳಗಿನ ಕೆಲಸ ಮಾತ್ರ. 400 ಹರ್ಟ್ಸ್‌ನಲ್ಲಿ ಅಲೆಯ ಉದ್ದ 86 ಸೆಂಟಿಮೀಟರ್. ಅರ್ಧ ಅಂದರೆ 43. ಅಪ್ಪಯ್ಯನ ಕೋನದಲ್ಲಿ ಅಷ್ಟು ವ್ಯತ್ಯಾಸ ಬರಬೇಕಾದರೆ ವೂಫರ್‌ಗಳು 86 ಸೆಂಟಿಮೀಟರ್ ದೂರ ಇರಬೇಕು, ಅಷ್ಟು ಉದ್ದದ ಪೆಟ್ಟಿಗೆಯೇ ಅದಲ್ಲ. ಹಾಗಾಗಿ ಮಲಗಿಸಿದರೂ ತೊಂದರೆ ಇಲ್ಲ. ಬವರ್ಸ್ ಎಚ್‌ಟಿಎಂ71 ಕೂಡ ತ್ರೀ-ವೇ. ದುಬಾರಿ ಸೆಂಟರ್‌ಗಳಲ್ಲಿ ದುಡ್ಡು ಹೋಗುವುದು ಮುಖ್ಯವಾಗಿ ಇಲ್ಲಿಗೇ.

ನನ್ನ ಮಾತು ಈಗಲೂ ಆರ್‌6.


ಮೈಕ್‌ಸೆಟ್ ಮಾವ, ಹೊನ್ನಾವರ

ತಮ್ಮಾ, ನೀನು ಹೇಳಿದ್ದು ಸರಿ. ನಡುವೆ ಮಿಡ್‌ರೇಂಜ್ ಇರುವ ಪೆಟ್ಟಿಗೆಗೆ ನನ್ನ ತಕರಾರು ಇಲ್ಲ. ನನ್ನ ತಕರಾರು ಟೂ-ವೇ ಮಲಗಿಸಿ ಅದಕ್ಕೆ ಮಹೋಗನಿ ಬಣ್ಣ ಬಳಿದು ಲಕ್ಷ ಹೇಳುವವರ ಮೇಲೆ.

ಆದರೆ ಎಡದಲ್ಲಿ ಆರ್‌3, ಬಲದಲ್ಲಿ ಆರ್‌3 ಇರುವಾಗ ನಡುವೆ ಆರ್‌3ಗಿಂತ ಹತ್ತಿರದ ನೆಂಟ ಯಾರು? ಅದೇ ಯೂನಿ-ಕ್ಯೂ, ಅದೇ ವೂಫರ್, ಅದೇ ಪೆಟ್ಟಿಗೆ. ಮಲಗಿಸುವ ಸೆಂಟರ್ ಹುಟ್ಟಿದ್ದೇ ಟಿವಿ ಕೆಳಗೆ ಜಾಗ ಸಾಲದೆ. ಸಿನಿಮಾ ಥಿಯೇಟರಿನಲ್ಲಿ ಪರದೆ ಹಿಂದೆ ಮೂರೂ ಒಂದೇ ಥರದವು ನಿಂತಿರುತ್ತವೆ. 1933ರಲ್ಲಿ ಬೆಲ್ ಲ್ಯಾಬ್ಸಿನವರು ಫಿಲಡೆಲ್ಫಿಯಾದ ವಾದ್ಯಗೋಷ್ಠಿಯನ್ನು ತಂತಿ ಮೇಲೆ ವಾಷಿಂಗ್ಟನ್ನಿಗೆ ಕಳಿಸಿ ಕೇಳಿಸಿದಾಗಲೂ ಮೂರು ಚಾನಲ್ ಇತ್ತು, ಎಡ, ನಡು, ಬಲ. ನಡುವಿನದು ಬೇರೆ ಜಾತಿ ಇರಲಿ ಅಂತ ಯಾರಿಗೂ ತೋಚಲಿಲ್ಲ.

ಜಾಗದ ಲೆಕ್ಕ ಮಾಡಿ. ಆರ್‌3 ಸುಮಾರು 42 ಸೆಂಟಿಮೀಟರ್ ಎತ್ತರ. ಕೆಳಗೆ 25 ಸೆಂಟಿಮೀಟರಿನ ಗಟ್ಟಿ ಮಣೆ ಮಾಡಿಸಿ. ಒಟ್ಟು 67. ಟಿವಿಯ ಕೆಳ ಅಂಚು 70ಕ್ಕೆ ಬರಲಿ. 75 ಇಂಚಿನ ಟಿವಿ ಎತ್ತರ 93 ಹತ್ತಿರ, ಹಾಗಾದರೆ ಅದರ ನಡು 117ಕ್ಕೆ ಬರುತ್ತದೆ. ಸೋಫಾದಲ್ಲಿ ಕೂತವರ ಕಣ್ಣು 100ರ ಹತ್ತಿರ. ಒಂದು ಗೇಣಿನಷ್ಟೂ ಹೆಚ್ಚಿಲ್ಲ. ಸ್ಪೀಕರನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದರೆ ಟ್ವೀಟರ್ ಕಿವಿ ನೋಡುತ್ತದೆ. ಕಪಾಟು ಮಾತ್ರ ಹೋಗಬೇಕು.


ಕಾಳಿತೀರ, ಕಾರವಾರ

ನಾನೂ ಆರ್‌3 ಮೆಟಾ ಬಳಸುವವನು, ಕೋಡಿಬಾಗ ಕಡೆ. ಎರಡೇ ಇವೆ, ಸೆಂಟರ್ ಇನ್ನೂ ಇಲ್ಲ. ಹಾಗಾಗಿ ಈ ಚರ್ಚೆಯನ್ನು ಬಾಯಿಬಿಟ್ಟುಕೊಂಡು ಓದುತ್ತಿದ್ದೇನೆ.

ಪವರ್ ಆಂಪ್ ವಿಷಯ ಯಾರೂ ಮುಟ್ಟಲಿಲ್ಲ. ಆರ್‌3ಗೆ 87 ಡೆಸಿಬಲ್ ಸೆನ್ಸಿಟಿವಿಟಿ, ಅಂದರೆ 2.83 ವೋಲ್ಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು. 4 ಓಮ್ ಸ್ಪೀಕರಿಗೆ ಅದು 2 ವಾಟ್. ಮೂರೂವರೆ ಮೀಟರಿಗೆ 11 ಡೆಸಿಬಲ್ ಕಳೆದರೆ 76, ಕೋಣೆ ಸ್ವಲ್ಪ ವಾಪಸ್ ಕೊಡುತ್ತದೆ. ಮನೆಯಲ್ಲಿ ಮಾತು ಕೇಳಲು ಅಷ್ಟು ಧಾರಾಳ ಸಾಕು. ನಿಮ್ಮ ಡೆನಾನಿಗೆ ಚಾನಲಿಗೆ 105 ವಾಟ್ ಇದೆ. ಕ್ರಾಸ್‌ಓವರ್ 80 ಹರ್ಟ್ಸ್ ಇಟ್ಟು ಕೆಳಗಿನದನ್ನು ಸಬ್‌ವೂಫರಿಗೆ ಕೊಟ್ಟರೆ ಇನ್ನೂ ಹಗುರ. ಅಪ್ಪಯ್ಯ, ಆಯಿ ಕೂತು ನೋಡುವ ಕೋಣೆಗೆ ಬೇರೆ ಆಂಪ್ ಸುಮ್ನೆ ದಂಡ. ರಿಸೀವರ್ ಮೇಲೆ ಗಾಳಿಯಾಡಲು ಜಾಗ ಬಿಡಿ, ಅದು ಮುಖ್ಯ.

ನಮ್ಮ ಕಡೆ ಉಪ್ಪುಗಾಳಿ. ತೆರೆದ ತಾಮ್ರದ ತಂತಿ ಒಂದೇ ಮಳೆಗಾಲಕ್ಕೆ ಹಸಿರು ಬರುತ್ತದೆ. ಚಿನ್ನದ ಲೇಪ ಇರುವ ಬನಾನಾ ಪ್ಲಗ್ ಹಾಕಿ. ವರ್ಷಕ್ಕೊಮ್ಮೆ ಬಿಚ್ಚಿ ಒರೆಸಿ. ಶಿರಸಿಯಲ್ಲಿ ಉಪ್ಪು ಇಲ್ಲ, ಆದರೆ ಥಂಡಿ ನಮಗಿಂತ ಜಾಸ್ತಿ, ಬೂಸ್ಟು ಬೇಗ ಹಿಡಿಯುತ್ತದೆ. ಮಳೆಗಾಲದಲ್ಲಿ ಎಸಿ ಇದ್ದರೆ ಡ್ರೈ ಮೋಡಿನಲ್ಲಿ ಸ್ವಲ್ಪ ಹೊತ್ತು ಓಡಿಸಿ. ಹಳೇ ಸ್ಪೀಕರ್ ಅಗ್ಗಕ್ಕೆ ಸಿಕ್ಕಿತು ಅಂತ ಫೋಮ್ ಅಂಚಿನದು ಮಾತ್ರ ತರಬೇಡಿ. ನಮ್ಮ ಹವೆಗೆ ಅದು ಪುಡಿಪುಡಿ. ರಬ್ಬರ್ ಅಂಚು ತಡೆಯುತ್ತದೆ. ಗುಡುಗು ಶುರುವಾದರೆ ಕರೆಂಟಿನ ಪ್ಲಗ್ ಜೊತೆ ಡಿಶ್ ವೈರು, ನೆಟ್ ವೈರು ಎಲ್ಲ ಕೀಳಬೇಕು. ಪಕ್ಕದ ಮನೆಯವರ ರಿಸೀವರ್ ಸತ್ತದ್ದು ನೆಟ್ ವೈರಿನಿಂದ.


ಎರಡನೇ ಬೆಂಚು, ಕುಮಟಾ

ಆರ್‌3ಗೆ ಹಿಂದೆ ಪೋರ್ಟ್ ಇದೆ, ಟಿವಿ ಕೆಳಗೆ ಗೋಡೆಗೆ ಹತ್ತಿರ ಬರುತ್ತದೆ. ಪೋರ್ಟಿಗೆ ತುರುಕುವ ಫೋಮ್ ಬಿರಡೆ ಸ್ಪೀಕರ್ ಜೊತೆಗೇ ಬರುತ್ತದೆ, ಅದನ್ನು ಹಾಕಿ. ಆಮೇಲೆ ಆಡಿಸ್ಸಿ ಹೊಸದಾಗಿ ಓಡಿಸಿ, ಮೊದಲಲ್ಲ. ಅಪ್ಪಯ್ಯನ ಕುರ್ಚಿಯಲ್ಲೂ ಮೈಕ್ ಇಡಲು ಮರೆಯಬೇಡಿ. ಕೊನೆಗೆ ಸೆಂಟರ್ ಲೆವೆಲ್ ಎರಡು ಡೆಸಿಬಲ್ ಏರಿಸಿ. ನಿಯಮ ಹೇಳುವವರು ಬೈಯಬಹುದು, ಮನೆಯಲ್ಲಿ ವಯಸ್ಸಾದವರಿದ್ದರೆ ನಾನಂತೂ ಏರಿಸುತ್ತೇನೆ.


ಮಾಳಿಗೆಮನೆ, ಶಿರಸಿ

ಮೂರನೇ ಆರ್‌3 ಅಂತ ತೀರ್ಮಾನ ಮಾಡಿದೆ. ಮಣೆಗೆ ಹಲಸಿನ ಹಲಗೆ ಅಟ್ಟದಲ್ಲಿದೆ, ಆಚಾರಿಗೆ ಹೇಳಿದ್ದೇನೆ. ಜಮಖಾನೆ ಬಂತು. ಜುಲೈ ಮಳೆ ಹಂಚಿನ ಮೇಲೆ ಸುರಿಯುವಾಗ ಯಾವ ಸೆಂಟರೂ ಗೆಲ್ಲುವುದಿಲ್ಲ, ಆಗ ಹೇಗೂ ಕೆಳಗೆ ಕೂತು ಹಪ್ಪಳ ತಿನ್ನುವುದು.

ತೊಡಕು ಒಂದೇ. ಡೀಲರ್ ಜೋಡಿ ಬಿಟ್ಟು ಒಂಟಿ ಕೊಡುವುದಿಲ್ಲವಂತೆ. ಜೋಡಿಗೆ ಬಜೆಟ್ಟೂ ದಾಟುತ್ತದೆ. ಸಿದ್ದಾಪುರದ ತಮ್ಮ ಈಗ ನಗುತ್ತಿರಬಹುದು.


ಸಿದ್ದಾಪುರ ಹುಡುಗ, ಬೆಂಗಳೂರು

ನಗುತ್ತಿಲ್ಲ ಸಾರ್, ಆರ್‌6 ಒಂಟಿಯಾಗಿ ಸಿಗುತ್ತದೆ ಅಂತ ಮಾತ್ರ ನೆನಪು ಮಾಡುತ್ತೇನೆ.


ಕಾಳಿತೀರ, ಕಾರವಾರ

ಮಾಳಿಗೆಮನೆಯವರೇ, ಜೋಡಿ ತರಿಸಿ. ಒಂದು ನಿಮಗೆ, ಒಂದು ನನಗೆ, ದುಡ್ಡು ಅರ್ಧ ಅರ್ಧ. ನನ್ನವು ಕಪ್ಪು ಬಣ್ಣದವು. ನಿಮ್ಮವು?


ಮಾಳಿಗೆಮನೆ, ಶಿರಸಿ

ನಮ್ಮವು ವಾಲ್ನಟ್. ಆದರೆ ನಮ್ಮದು ಪರದೆ ಎಳೆದು ಕತ್ತಲೆ ಮಾಡಿ ನೋಡುವ ಕೋಣೆ, ಕಪ್ಪೇ ತರಿಸೋಣ. ಬಿಲ್ ಯಾರ ಹೆಸರಿಗೆ ಮಾಡಿಸಲಿ? ವಾರಂಟಿ ಒಂದೇ ಕಾಗದದಲ್ಲಿ ಬರುತ್ತದೆ. ದೇವಿಮನೆ ಘಟ್ಟ ಇಳಿದು ಕುಮಟಾವರೆಗೆ ನಾನೇ ಕಾರಿನಲ್ಲಿ ತರುತ್ತೇನೆ, ಅಲ್ಲಿಂದ ನೀವು ಒಯ್ಯಿರಿ. ಎರಡನೇ ಬೆಂಚಿನವರ ಮನೆಯಲ್ಲಿ ಚಾ ಸಿಗಬಹುದು.


ಎರಡನೇ ಬೆಂಚು, ಕುಮಟಾ

ಚಾ ಇದೆ. ಪೆಟ್ಟಿಗೆ ಬಿಚ್ಚುವುದೂ ಇಲ್ಲೇ. ಎರಡನ್ನೂ ನಮ್ಮ ಆಂಪಿಗೆ ಹಾಕಿ ಸರಿ ಇದೆಯಾ ಅಂತ ಕೇಳಿ ಹಂಚಿಕೊಳ್ಳಿ. ಬಿಲ್ ಶಿರಸಿ ಹೆಸರಿಗೇ ಇರಲಿ, ಸೀರಿಯಲ್ ನಂಬರ್ ಎರಡೂ ಬರೆಸಿ, ಕಾರವಾರದವರಿಗೆ ಝೆರಾಕ್ಸ್ ಕೊಡಿ.